ಆಸ್ಪತ್ರೆ ಸಿಬ್ಬಂದಿಯ ಕೈ ನೈರ್ಮಲ್ಯ

ಆಸ್ಪತ್ರೆಯ ವೈದ್ಯರು, ದಾದಿಯರು ಮತ್ತು ಇತರ ಸಿಬ್ಬಂದಿಯ ಕೈಗಳ ಮೂಲಕ ರೋಗಾಣುಗಳು ಒಬ್ಬ ರೋಗಿಯಿಂದ ಮತ್ತೊಬ್ಬರಿಗೆ ಹರಡದಂತೆ ಕೈಗಳನ್ನು ಶುಚಿಗೊಳಿಸಿಕೊಳ್ಳುವ ಕ್ರಮವೇ ಕೈ ನೈರ್ಮಲ್ಯ. ರೋಗಾಣುಗಳು ಬರಿಗಣ್ಣಿಗೆ ಕಾಣಿಸವು. ಆದುದರಿಂದ ನೋಟಕ್ಕೆ ಶುಭ್ರವಾಗಿರುವ ಕೈಯೂ ಸೋಂಕನ್ನು ಸಾಗಿಸಬಲ್ಲದು.

ಇತಿಹಾಸ

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರು ಹಾಗೂ ವೈದ್ಯ ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಬಹಳ ಹೆಚ್ಚಾಗಿದ್ದರು. ಶವಪರೀಕ್ಷೆ ಮಾಡಿದ ಕೈಗಳಿಂದಲೇ ಗರ್ಭಿಣಿಯರನ್ನು ಪರೀಕ್ಷಿಸುವುದು ಇದಕ್ಕೆ ಕಾರಣವೆಂದು ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಗುರುತಿಸಿದರು. 1847ರ ಮೇ ತಿಂಗಳಲ್ಲಿ ಅವರು ಕ್ಲೋರಿನ್‌ಯುಕ್ತ ಸುಣ್ಣದ ದ್ರಾವಣದಿಂದ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದರು. ಏಪ್ರಿಲ್‌ನಲ್ಲಿ ಸುಮಾರು ಶೇ. 18ರಷ್ಟಿದ್ದ ಮರಣ ಪ್ರಮಾಣವು ಜೂನ್ ವೇಳೆಗೆ ಸುಮಾರು ಶೇ. 2ಕ್ಕೆ ಇಳಿಯಿತು. ಆದರೂ ತಮ್ಮ ಕೈಗಳೇ ಸಾವಿಗೆ ಕಾರಣವೆಂಬುದನ್ನು ಅಂದಿನ ಅನೇಕ ವೈದ್ಯರು ಒಪ್ಪಲಿಲ್ಲ. ಸೆಮ್ಮೆಲ್‌ವೈಸ್ 1865ರಲ್ಲಿ ನಿಧನರಾದರು. ಅವರ ವಿಚಾರಕ್ಕೆ ವ್ಯಾಪಕ ಮನ್ನಣೆ ದೊರೆತದ್ದು ಆ ಬಳಿಕವೇ.

ಇಂದಿನ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯು ಕೈ ಶುಚಿಗೊಳಿಸಬೇಕಾದ ಐದು ಸಂದರ್ಭಗಳನ್ನು ಸೂಚಿಸಿದೆ:

1. ರೋಗಿಯನ್ನು ಮುಟ್ಟುವ ಮೊದಲು
2. ನಂಜುರಹಿತವಾಗಿ ಮಾಡಬೇಕಾದ ಚಿಕಿತ್ಸಾ ಕಾರ್ಯಕ್ಕೆ ಮೊದಲು
3. ರಕ್ತ ಮೊದಲಾದ ದೇಹದ್ರವಗಳು ತಗುಲಿರುವ ಸಂಭವವಿದ್ದಾಗ
4. ರೋಗಿಯನ್ನು ಮುಟ್ಟಿದ ನಂತರ
5. ರೋಗಿಯ ಸುತ್ತಲಿನ ಮಂಚ, ಮೇಜು ಮುಂತಾದವುಗಳನ್ನು ಮುಟ್ಟಿದ ನಂತರ

ಆಲ್ಕೊಹಾಲ್‌ಯುಕ್ತ ದ್ರಾವಣವನ್ನು ಬಳಸುವುದಾದರೆ 20ರಿಂದ 30 ಸೆಕೆಂಡು ಕೈ ಉಜ್ಜಬೇಕು. ಕೊಳೆ ಕಾಣುವಂತಿದ್ದರೆ ಸಾಬೂನು ಮತ್ತು ನೀರಿನಿಂದಲೇ ತೊಳೆಯಬೇಕು. ಇದಕ್ಕೆ 40ರಿಂದ 60 ಸೆಕೆಂಡು ಬೇಕಾಗುತ್ತದೆ.

ಕೈಗವಸು ಇದಕ್ಕೆ ಬದಲಿಯಲ್ಲ. ಕೈಗವಸಿನ ಸಣ್ಣ ರಂಧ್ರಗಳ ಮೂಲಕ ಅಥವಾ ಅದನ್ನು ಕಳಚುವಾಗ ರೋಗಾಣುಗಳು ಕೈಗೆ ಅಂಟಬಹುದು. ಒಂದೇ ಕೈಗವಸಿನಲ್ಲಿ ಹಲವು ರೋಗಿಗಳನ್ನು ಮುಟ್ಟಿದರೆ ರಕ್ಷಣೆ ದೊರೆಯುವುದು ಧರಿಸಿದವರಿಗೆ ಮಾತ್ರ, ರೋಗಿಗಳಿಗಲ್ಲ.