ಹೆಸರು ಹೋಯಿತು, ಹೆಪ್ಪು ಉಳಿಯಿತು!

ನಲವತ್ತಾರು ವರ್ಷ ಒಂದೇ ಹೆಸರಿನಲ್ಲಿ ವ್ಯಾಪಾರ ಮಾಡಿದ್ದೀರಿ. ಗಿರಾಕಿಗಳಿಗೆ ಗೊತ್ತಿರುವುದು ಆ ಹೆಸರೇ. ಒಂದು ದಿನ ಹೆಸರಿನ ಯಜಮಾನರು ಬಂದು, 'ಸರಕು ಬೇಕಾದರೆ ಮಾರಿಕೊಳ್ಳಿ, ಬೋರ್ಡು ಮಾತ್ರ ಇಳಿಸಿ' ಅಂತಾರೆ. ಏನು ಮಾಡ್ತೀರಿ ಸ್ವಾಮಿ? ಅಂಗಡಿ ಮುಚ್ತೀರಾ? ಕೋರ್ಟು ಕಚೇರಿ ಅಲೀತೀರಾ?

ಬೆಲ್ಜಿಯಂ ದೇಶದ ವಾಟೂ ಎಂಬ ಹಳ್ಳಿಯಲ್ಲಿ ಇಂಥದ್ದೇ ಒಂದು ಪ್ರಸಂಗ ನಡೆದುಹೋಗಿದೆ. ಸರಕು ಯಾವುದು ಅಂತೀರಾ? ಕಪ್ಪು ಬಿಯರ್!

ಸನ್ಯಾಸಿಗಳ ಕಾರ್ಖಾನೆ

ಆ ದೇಶದಲ್ಲಿ ಕ್ರೈಸ್ತ ಮಠಗಳ ಸನ್ಯಾಸಿಗಳು ಬಿಯರ್ ತಯಾರಿಸುವುದು ಹಳೇ ಪದ್ಧತಿ. ವಾಟೂವಿಗೆ ಹತ್ತಿರದಲ್ಲೇ ವೆಸ್ಟ್‌ವ್ಲೆಟರೆನ್ ಊರಿನ ಸೇಂಟ್ ಸಿಕ್ಸ್ಟಸ್ ಮಠವಿದೆ. ಅಲ್ಲಿ 1830ರ ದಶಕದಿಂದಲೂ ಬಿಯರ್ ಉಂಟು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಈ ವ್ಯಾಪಾರದ ಗದ್ದಲ ನಮಗೆ ಬೇಡ ಎಂದು ಮಠದವರು ತೀರ್ಮಾನಿಸಿದರು. ವಾಟೂವಿನಲ್ಲಿ ಚೀಸ್ ಕಾರ್ಖಾನೆ ನಡೆಸುತ್ತಿದ್ದ ಎವಾರಿಸ್ಟ್ ಡೆಕೋನಿಂಕ್ ಅವರಿಗೆ 1946ರಲ್ಲಿ ಪರವಾನಗಿ ಕೊಟ್ಟರು. ಮಠದ ಬಿಯರ್ ಮೇಸ್ತ್ರಿಯೇ ತಯಾರಿಕೆಯ ಗುಟ್ಟನ್ನೂ, ಹುಳಿ ಬರಿಸುವ ಯೀಸ್ಟನ್ನೂ ಕಟ್ಟಿಕೊಂಡು ವಾಟೂವಿಗೆ ಬಂದ.

1992ರಲ್ಲಿ ಕರಾರು ಮುಗಿಯಿತು. 'ಟ್ರಾಪಿಸ್ಟ್' ಎಂಬ ಹೆಸರು ಬೇಕಾದರೆ ಬಿಯರ್ ಮಠದ ಗೋಡೆಯ ಒಳಗೇ ಆಗಬೇಕು, ಸನ್ಯಾಸಿಗಳ ಉಸ್ತುವಾರಿ ಇರಬೇಕು ಎಂಬ ನಿಯಮ ಬಿಗಿಯಾಗಿತ್ತು. ನಮ್ಮ ನಂಜನಗೂಡು ರಸಬಾಳೆಗೆ, ಧಾರವಾಡ ಪೇಡೆಗೆ ಜಿ.ಐ. ಗುರುತು ಇದೆಯಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ವಾಟೂದವರು ಬಾಗಿಲು ಹಾಕಲಿಲ್ಲ. 'ಸೇಂಟ್ ಬರ್ನಾರ್ಡಸ್' ಎಂದು ಬೇರೆ ಚೀಟಿ ಅಂಟಿಸಿ ಅದೇ ಬಿಯರ್ ಮಾರಿದರು.

ಬಾಟಲಿ ಬಿಚ್ಚಿದಾಗ

ಅವರ 'ಆಬ್ಟ್ 12' ಎಂಬ ಬಿಯರಿನ 330 ಮಿ.ಲೀ. ಬಾಟಲಿಯೊಂದು ಸ್ನೇಹಿತರ ಸೂಟ್‌ಕೇಸಿನಲ್ಲಿ ನಮ್ಮೂರಿಗೆ ಬಂತು. ವಿದೇಶದಿಂದ ಬರುವವರು ಎರಡು ಲೀಟರ್ ತನಕ ಸುಂಕವಿಲ್ಲದೆ ತರಬಹುದು. ಪೊಲೀಸಪ್ಪನವರು ಗಾಬರಿಯಾಗುವುದು ಬೇಡ.

ಲೋಟಕ್ಕೆ ಬಗ್ಗಿಸಿದರೆ ಥೇಟ್ ಕಾಫಿ ಡಿಕಾಕ್ಷನ್. ದೀಪಕ್ಕೆ ಹಿಡಿದರೆ ಕೆಂಪು ಛಾಯೆ. ಮೇಲೆ ಕೆನೆಬಣ್ಣದ ದಪ್ಪ ನೊರೆ, ಬೇಗ ಇಳಿಯುವುದಿಲ್ಲ. ಮೂಗಿಗೆ ಒಣದ್ರಾಕ್ಷಿ, ಅಂಜೂರ, ಪಾಕಕ್ಕಿಟ್ಟ ಬೆಲ್ಲದ ವಾಸನೆ. ಇದು ಬಿಯರೋ, ದೇವಸ್ಥಾನದ ಪ್ರಸಾದವೋ ಅನ್ನಿಸಬೇಕು!

ಬಾಯಿಗೆ ಇಟ್ಟರೆ ಮೊದಲು ಮಾಲ್ಟಿನ ರುಚಿ. ಬೇಕರಿ ಒಲೆಯಿಂದ ಆಗತಾನೆ ತೆಗೆದ ಬ್ರೆಡ್ಡಿನ ಕಂದು ಅಂಚು ತಿಂದ ಹಾಗೆ. ಆಮೇಲೆ ಸಿಹಿ. ಆದರೆ ನುಂಗಿದ ಮೇಲೆ ಸಿಹಿ ನಾಲಿಗೆಗೆ ಅಂಟುವುದಿಲ್ಲ, ಸಣ್ಣ ಕಹಿ ಬಂದು ಬಾಯಿ ಚೊಕ್ಕಟ ಮಾಡುತ್ತದೆ. ಕೊನೆಗೆ ಗಂಟಲಲ್ಲಿ ಬೆಚ್ಚಗೆ.

ಹೇಗಪ್ಪಾ ಇದು? ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ನಮ್ಮ ಹೆಂಗಸರು ಮಾಲ್ಟ್ ಮಾಡುವುದಿಲ್ಲವೇ, ಅಲ್ಲಿ ಬಾರ್ಲಿಗೂ ಹಾಗೇ ಮಾಡುತ್ತಾರೆ. ಈ ಜಾತಿಯ ಬಿಯರಿಗೆ ಕಪ್ಪು ಬಣ್ಣ ಬರುವುದು ಹುರಿದ ಮಾಲ್ಟಿನಿಂದ ಮತ್ತು ಕಂದು ಬಣ್ಣಕ್ಕೆ ತಿರುಗುವ ತನಕ ಕಾಯಿಸಿದ ಸಕ್ಕರೆ ಪಾಕದಿಂದ. ಸಕ್ಕರೆಯನ್ನು ಯೀಸ್ಟು ತಿಂದು ಮದ್ಯ ಮಾಡುತ್ತದೆ. ಅದಕ್ಕೇ ಮೂಗಿಗೆ ಇದ್ದಷ್ಟು ಸಿಹಿ ನಾಲಿಗೆಗೆ ಇಲ್ಲ. ಅಂಜೂರ, ದ್ರಾಕ್ಷಿ ಯಾವುದನ್ನೂ ಹಾಕಿಲ್ಲ. ಅದೆಲ್ಲ ಯೀಸ್ಟಿನ ಮತ್ತು ಪಾಕದ ಕೈವಾಡ. ಐಸಿನಲ್ಲಿ ಹೂತಿಟ್ಟರೆ ಈ ವಾಸನೆಯೆಲ್ಲ ಸತ್ತುಹೋಗುತ್ತದೆ, ಸ್ವಲ್ಪ ತಂಪಿದ್ದರೆ ಸಾಕು.

ಒಂದು ಎಚ್ಚರಿಕೆ. ಇದರಲ್ಲಿ ಮದ್ಯಸಾರ ಶೇ. 10. ಈ ಪುಟಾಣಿ ಬಾಟಲಿ ಒಂದೇ, ಶೇ. 5ರ 650 ಮಿ.ಲೀ. ದೊಡ್ಡ ಬಾಟಲಿಗೆ ಸಮ. ವಿಸ್ಕಿ ಲೆಕ್ಕದಲ್ಲಿ ಒಂದೂಕಾಲು ಲಾರ್ಜ್! ಸಿಹಿ ವಾಸನೆಗೆ ಮರುಳಾಗಿ ಎರಡು ಎತ್ತಿದವರು ಸ್ಕೂಟರ್ ಮುಟ್ಟಬಾರದು. ಸಿಟಿ ಬಸ್ಸು ಇದೆಯಲ್ಲ!

ಹೆಸರಿಗೆ ಎಷ್ಟು, ರುಚಿಗೆ ಎಷ್ಟು?

ಅತ್ತ ಮಠದ ಕಥೆ ಕೇಳಿ. ಅವರ 'ವೆಸ್ಟ್‌ವ್ಲೆಟರೆನ್ 12' ಜಗತ್ತಿನಲ್ಲೇ ಶ್ರೇಷ್ಠ ಬಿಯರ್ ಎಂದು 2005ರಲ್ಲಿ ಸುದ್ದಿಯಾಯಿತು. ಮಠದ ಮುಂದೆ ಕಾರುಗಳ ಸಾಲು. ಬೇರೆಯವರಾಗಿದ್ದರೆ ಮೂರು ಪಾಳಿ ಓಡಿಸುತ್ತಿದ್ದರು. ಸನ್ಯಾಸಿಗಳು ಉತ್ಪಾದನೆ ಹೆಚ್ಚಿಸಲು ಒಪ್ಪಲೇ ಇಲ್ಲ. ಕೊಂಡವರು ಮರುಮಾರಾಟ ಮಾಡಬಾರದು ಎಂಬುದು ಅವರ ಷರತ್ತಾಗಿತ್ತು. ಆದರೂ 2018ರಲ್ಲಿ ನೆದರ್ಲೆಂಡ್ಸ್‌ನ ಸೂಪರ್ ಮಾರ್ಕೆಟ್ ಒಂದು, ಮಠದಲ್ಲಿ ಆಗ ಎರಡು ಯೂರೋ ಒಳಗೆ ಸಿಗುತ್ತಿದ್ದ ಬಾಟಲಿಯನ್ನು ಹತ್ತು ಯೂರೋ ಹತ್ತಿರದ ಬೆಲೆಗೆ ಮಾರಿತು. ಮಠದವರು ಮುನಿಸಿಕೊಂಡರು. ಬಿಯರ್ ಅದೇ, ಮೇಲಿನ ಎಂಟು ಯೂರೋ ಹೆಸರಿನ ಬೆಲೆ!

ಸ್ವಾರಸ್ಯ ಇನ್ನೊಂದಿದೆ. ಮಠದಿಂದ ಅಂದು ಬಂದ ಯೀಸ್ಟಿನ ತಳಿಯನ್ನು ವಾಟೂದವರು ಈಗಲೂ ಮೊಸರಿನ ಹೆಪ್ಪಿನ ಹಾಗೆ ಕಾಪಾಡಿಕೊಂಡಿದ್ದಾರೆ. ಮಠದವರು ಮಾತ್ರ ವೆಸ್ಟ್‌ಮಾಲ್ ಎಂಬ ಇನ್ನೊಂದು ಮಠದಿಂದ ಯೀಸ್ಟು ತರಿಸಿಕೊಳ್ಳುತ್ತಾರೆ. ಮನೆ ಭಾಗವಾದಾಗ ಒಬ್ಬನಿಗೆ ಮನೆತನದ ಹೆಸರು, ಇನ್ನೊಬ್ಬನಿಗೆ ಹೆಪ್ಪಿನ ಕುಡಿಕೆ ಬಂದ ಹಾಗಾಯಿತು.

ಮಠದ ಬಾಟಲಿಗಳನ್ನು ಪೆಟ್ಟಿಗೆಗಟ್ಟಲೆ ಕೊಳ್ಳಬೇಕಾದರೆ ಮುಂಗಡ ಗೊತ್ತುಮಾಡಿಕೊಳ್ಳಬೇಕು. ಸೇಂಟ್ ಬರ್ನಾರ್ಡಸ್ ಆ ದೇಶದ ಸಾಮಾನ್ಯ ಅಂಗಡಿಗಳಲ್ಲೂ ಸಿಗುತ್ತದೆ. ಅತ್ತ ಹೋಗುವ ನೆಂಟರು ಯಾರಾದರೂ ಇದ್ದರೆ ಎರಡನ್ನೂ ಒಂದೊಂದು ತರಿಸಿ, ಚೀಟಿ ಮುಚ್ಚಿ ಕುಡಿದು ನೋಡಿ. ಯಾವುದು ಯಾವುದೆಂದು ಹೇಳುವ ಧೈರ್ಯ ನಮಗಂತೂ ಇಲ್ಲ.