ವಿಶ್ವವಿದ್ಯಾಲಯದ ಆಯ್ಕೆ: ಹೊಸಪೇಟೆ ಭಾಗದ ವಿದ್ಯಾರ್ಥಿಗಳ ಗಮನಕ್ಕೆ

ಹೊಸಪೇಟೆ ಭಾಗದವರಿಗೆ ಅತಿ ಸಮೀಪದ ವಿಶ್ವವಿದ್ಯಾಲಯವೆಂದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಆದರೆ ಸಮೀಪವಿರುವುದೆಲ್ಲವೂ ಉದ್ದೇಶಕ್ಕೆ ಹೊಂದುವುದಿಲ್ಲ. 1991ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಗೆ ಕನ್ನಡ ಭಾಷೆ, ಸಾಹಿತ್ಯ, ಚರಿತ್ರೆ, ಸಂಸ್ಕೃತಿಗಳ ಸಂಶೋಧನೆಯೇ ಪ್ರಧಾನ ಧ್ಯೇಯ. ಬಿ.ಕಾಂ. ಬಯಸುವವರು ಇಲ್ಲಿಗೆ ಅರ್ಜಿ ಹಿಡಿದು ಹೋಗುವುದು ವ್ಯರ್ಥ ಶ್ರಮ, ಪಿಎಚ್.ಡಿ. ಬಯಸುವ ಕನ್ನಡ ಸ್ನಾತಕೋತ್ತರ ಪದವೀಧರರು ಇದನ್ನು ಕಡೆಗಣಿಸುವುದು ಅದಕ್ಕಿಂತ ದೊಡ್ಡ ನಷ್ಟ.

ಕಲೆ, ವಾಣಿಜ್ಯ, ವಿಜ್ಞಾನ ಪದವಿಗಳಿಗೆ ಈ ಭಾಗದ ಕಾಲೇಜುಗಳು 2010ರಲ್ಲಿ ಸ್ಥಾಪಿತವಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ಅದಕ್ಕೂ ಮೊದಲು ಇವು ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಎಂಜಿನಿಯರಿಂಗ್ ಕಾಲೇಜಿಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಯಿದೆ. ಆದ್ದರಿಂದ ಸ್ಥಳೀಯವಾಗಿ ಪದವಿ ಓದುವವರು ವಾಸ್ತವದಲ್ಲಿ ಆರಿಸಿಕೊಳ್ಳುವುದು ಕಾಲೇಜನ್ನು ಮತ್ತು ವಿಷಯಗಳನ್ನು. ಸಂಡೂರು, ಕಂಪ್ಲಿಯಿಂದ ನಿತ್ಯ ಬಸ್ಸಿನಲ್ಲಿ ಬರುವವರು ತರಗತಿಯ ವೇಳೆ ಹಾಗೂ ವಿದ್ಯಾರ್ಥಿನಿಲಯದ ಸೌಲಭ್ಯವನ್ನು ಮೊದಲೇ ವಿಚಾರಿಸತಕ್ಕದ್ದು.

ದುಡಿಯುತ್ತ ಓದುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. 2018ರಲ್ಲಿ ಯುಜಿಸಿ ಮಾನ್ಯತೆ ಮರಳುವ ಮುನ್ನ ಕೆಲವು ವರ್ಷ ಅದಕ್ಕೆ ಮಾನ್ಯತೆ ಇರಲಿಲ್ಲ. ಆ ಅವಧಿಯಲ್ಲಿ ಸೇರಿದವರು ತೊಂದರೆ ಅನುಭವಿಸಿದರು. ಯಾವುದೇ ದೂರಶಿಕ್ಷಣಕ್ಕೆ ಶುಲ್ಕ ಪಾವತಿಸುವ ಮುನ್ನ, ಆಯಾ ಕೋರ್ಸಿಗೆ ಆ ವರ್ಷದ ಮಾನ್ಯತೆ ಇದೆಯೇ ಎಂಬುದನ್ನು ಯುಜಿಸಿ ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳುವುದು.

ಊರು ಬಿಟ್ಟು ಬೆಂಗಳೂರು, ಮೈಸೂರಿಗೆ ಹೋಗುವವರು ಸಂವಿಧಾನದ 371(ಜೆ) ವಿಧಿಯನ್ನು ಮರೆಯಬಾರದು. ಅದರಂತೆ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಈ ಪ್ರದೇಶದ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸ್ಥಾನಗಳು ಮೀಸಲು. ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರು ನೀಡುತ್ತಾರೆ. ಪ್ರವೇಶದ ಕೊನೆಯ ದಿನಾಂಕ ಸಮೀಪಿಸುವವರೆಗೆ ಕಾಯದೆ ಅರ್ಜಿ ಸಲ್ಲಿಸುವುದು.