ಅಟ್ಟದ ಮೇಲಿನ ವಾಲ್ವ್ ರೇಡಿಯೊ ಕೆಳಗೆ ಇಳಿಸಿದ್ರಾ? ಪ್ಲಗ್ ಹಾಕೋ ಮುಂಚೆ ಇದನ್ನು ಓದಿ

ಆಯುಧ ಪೂಜೆಗೆ ಮನೆ, ಅಂಗಡಿ ಕ್ಲೀನ್ ಮಾಡುವಾಗ ಅಟ್ಟದಿಂದ ಏನೇನೋ ಇಳಿಯುತ್ತೆ. ಅದರಲ್ಲಿ ಅಜ್ಜನ ಕಾಲದ ಮರದ ಪೆಟ್ಟಿಗೆಯ ರೇಡಿಯೊನೂ ಒಂದು. ಮರ್ಫಿ, ಫಿಲಿಪ್ಸ್, ಬುಷ್, ಎಚ್‌ಎಂವಿ ಹೀಗೆ ಯಾವುದೋ ಒಂದು ಹೆಸರು ಮುಂದೆ ಇರುತ್ತೆ. ಧೂಳು ಒರೆಸಿದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಒಂದ್ಸಲ ಪ್ಲಗ್ ಹಾಕಿ ನೋಡೋಣ’.

ಹೆಚ್ಚಿನ ರೇಡಿಯೊಗಳು ಹಾಳಾಗುವುದು ಆ ಒಂದು ನಿಮಿಷದಲ್ಲೇ. ಮೂವತ್ತು ನಲವತ್ತು ವರ್ಷ ಸುಮ್ಮನೆ ಕೂತ ಸೆಟ್‌ಗೆ ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಒಳಗಿನ ಹಳೇ ಕಂಡೆನ್ಸರ್ ಶಾರ್ಟ್ ಆಗಿ, ಅದರ ಹಿಂದೆ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಕಂಡೆನ್ಸರ್ ಕೆಲವೇ ರೂಪಾಯಿಯ ಸಾಮಾನು. ಟ್ರಾನ್ಸ್‌ಫಾರ್ಮರ್ ಹಾಗಲ್ಲ, ಅದನ್ನು ಹೊಸದಾಗಿ ಸುತ್ತಿಸಬೇಕು, ಸುತ್ತುವವರನ್ನು ಹುಡುಕೋದೇ ಕಷ್ಟ.

ಮೊದಲು ಸೆಟ್ ಯಾವ ಜಾತಿಯದು ನೋಡಿ

ಹಿಂದಿನ ರಟ್ಟು ಬಿಚ್ಚಿದರೆ ಗಾಜಿನ ವಾಲ್ವ್‌ಗಳು ಕಾಣುತ್ತವೆ. ಅವುಗಳ ಮೇಲಿನ ಹೆಸರಿನ ಮೊದಲ ಅಕ್ಷರವೇ ಅರ್ಧ ವಿಷಯ ಹೇಳುತ್ತೆ.

‘ಇ’ ಅಕ್ಷರದಿಂದ ಶುರುವಾದರೆ (ಇಸಿಎಚ್ 81, ಇಎಲ್ 84, ಇಝಡ್ 80) ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವ ಎಸಿ ಸೆಟ್. ಇವುಗಳ ಹೀಟರ್ 6.3 ವೋಲ್ಟ್‌ನದು.

‘ಯು’ ಅಕ್ಷರ ಇದ್ದರೆ (ಯುಸಿಎಚ್ 81, ಯುಸಿಎಲ್ 82, ಯುವೈ 85) ಎಸಿ–ಡಿಸಿ ಸೆಟ್. ಇದರಲ್ಲಿ ಕರೆಂಟ್ ಲೈನನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರಲ್ಲ. ಪ್ಲಗ್‌ನ ಒಂದು ತಂತಿ ನೇರವಾಗಿ ತಗಡಿನ ಚಾಸಿಗೇ ಸೇರಿರುತ್ತೆ. ಪ್ಲಗ್ ತಿರುಗಾ ಮುರುಗಾ ಆದರೆ ಇಡೀ ಚಾಸಿಯಲ್ಲಿ 230 ವೋಲ್ಟ್ ಹರಿಯುತ್ತೆ. ನಾಬ್ ಕಿತ್ತು ಹೋಗಿ ಕಬ್ಬಿಣದ ಕಡ್ಡಿ ಹೊರಗೆ ಇದ್ದರೆ, ಅಥವಾ ಪೆಟ್ಟಿಗೆ ತಳದ ಸ್ಕ್ರೂ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಇಂಥ ಸೆಟ್ ರಿಪೇರಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದಿಲ್ಲದವರು ಇದಕ್ಕೆ ಕರೆಂಟ್ ಕೊಡದೆ, ತಿಳಿದ ಮೆಕ್ಯಾನಿಕ್ ಕೈಗೆ ಕೊಡುವುದೇ ಸರಿ.

‘ಡಿ’ ಅಕ್ಷರ ಇದ್ದರೆ (ಡಿಕೆ 96, ಡಿಎಲ್ 96) ಅದು ಕರೆಂಟ್ ಇಲ್ಲದ ಹಳ್ಳಿಗಳಲ್ಲಿ ಓಡುತ್ತಿದ್ದ ಬ್ಯಾಟರಿ ಸೆಟ್. ಹೀಟರ್‌ಗೆ ಬೇಕಾದ್ದು 1.4 ವೋಲ್ಟ್ ಮಾತ್ರ. ಬ್ಯಾಟರಿಯಲ್ಲಷ್ಟೇ ಓಡುವ ಇಂಥ ಸೆಟ್ ಅನ್ನು ಕರೆಂಟ್‌ಗೆ ಹಾಕಿದರೆ ವಾಲ್ವ್‌ಗಳ ಕಥೆ ಮುಗಿದಂತೆ.

ವಾಲ್ವ್ ಮೇಲೆ ಬಿಇಎಲ್ ಅಂತ ಇದ್ದರೆ ಅದು ನಮ್ಮ ಬೆಂಗಳೂರಿನದು. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸಿತು.

ಒಣ ಬ್ರಷ್ ಸಾಕು, ನೀರು ಬೇಡ

ಒಳಗೆ ಇಲಿ ಗೂಡು, ಜಿರಳೆ, ಗೆದ್ದಲು ಇರೋದು ಮಾಮೂಲಿ. ಮೆತ್ತನೆ ಪೇಂಟ್ ಬ್ರಷ್‌ನಿಂದ ಧೂಳು ತೆಗೆಯಬೇಕು. ಡಯಲ್ ಗಾಜಿನ ಹಿಂಬದಿ ಒರೆಸಬಾರದು. ಊರುಗಳ ಹೆಸರು, ನಂಬರ್ ಬರೆದಿರುವುದು ಅಲ್ಲೇ. ಒದ್ದೆ ಬಟ್ಟೆ ತಾಗಿದರೆ ಅಕ್ಷರ ಬಟ್ಟೆಗೆ ಬರುತ್ತೆ, ಗಾಜು ಬೋಳಾಗುತ್ತೆ. ವಾಲ್ವ್ ಮೇಲಿನ ಹೆಸರೂ ಹಾಗೇ ಅಳಿಸುತ್ತೆ. ವಾಲ್ವ್ ಕೀಳುವ ಮುಂಚೆ ಯಾವುದು ಎಲ್ಲಿತ್ತು ಅಂತ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಮೇನ್ಸ್ ವೈರ್‌ನ ರಬ್ಬರ್ ಪುಡಿಪುಡಿ ಆಗಿದ್ದರೆ ಟೇಪ್ ಸುತ್ತೋದು ಬೇಡ, ಪೂರ್ತಿ ಹೊಸ ವೈರ್ ಹಾಕಿ. ಹಿಂದೆ 110, 220, 240 ಅಂತ ವೋಲ್ಟೇಜ್ ಬದಲಿಸುವ ಕಟ್ಟೆ ಇದ್ದರೆ 240ಕ್ಕೆ ಇಡಬೇಕು.

ಸೀರೀಸ್ ಬಲ್ಬ್ ಎಂಬ ಕಾವಲುಗಾರ

ಎಲೆಕ್ಟ್ರಿಷಿಯನ್‌ಗಳ ಹಳೇ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತೆ. ರೇಡಿಯೊಗೆ ಹೋಗುವ ಫೇಸ್ ತಂತಿಯಲ್ಲಿ 60 ವ್ಯಾಟ್‌ನ ತಂತಿ ಬಲ್ಬ್ ಅನ್ನು ಸೀರೀಸ್‌ನಲ್ಲಿ ಸೇರಿಸಬೇಕು. ಎಲ್‌ಇಡಿ ಬಲ್ಬ್ ನಡೆಯಲ್ಲ. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಉರಿದು ನಿಧಾನಕ್ಕೆ ಮಂಕಾದರೆ ಒಳಗೆ ದೊಡ್ಡ ಶಾರ್ಟ್ ಇಲ್ಲ ಅಂತ. ಪೂರ್ತಿ ಬೆಳಕಲ್ಲೇ ನಿಂತರೆ ತಕ್ಷಣ ಆಫ್ ಮಾಡಬೇಕು. ಈ ಬಲ್ಬ್ ಕಾಯೋದು ರೇಡಿಯೊವನ್ನು ಮಾತ್ರ, ಮನುಷ್ಯನನ್ನಲ್ಲ. ಶಾಕ್ ಹೊಡೆಯುವುದು ಇದರಿಂದ ತಪ್ಪಲ್ಲ.

ಇನ್ನೊಂದು ಮಾತು. ವಾಲ್ವ್ ಸೆಟ್ ಒಳಗೆ 200ರಿಂದ 300 ವೋಲ್ಟ್ ಡಿಸಿ ಇರುತ್ತೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರ್‌ಗಳಲ್ಲಿ ಅದು ನಿಂತಿರಬಹುದು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸಬಾರದು. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ವೈರ್, ಕ್ಲಿಪ್ ಹಾಕಿ ಕೆಲವು ಸೆಕೆಂಡ್ ಹಿಡಿಯಬೇಕು. ಆಮೇಲೆ ಮೀಟರ್‌ನಲ್ಲಿ ಸೊನ್ನೆ ಬಂದಿದೆಯಾ ನೋಡಿಯೇ ಕೈ ಹಾಕಬೇಕು.

ಯಾವ ಲಕ್ಷಣಕ್ಕೆ ಯಾವ ಕಾಯಿಲೆ?

* ಒಂದು ವಾಲ್ವೂ ಉರಿಯಲ್ಲ: ವೈರ್, ಫ್ಯೂಸ್, ಸ್ವಿಚ್ ನೋಡಬೇಕು. ‘ಯು’ ಸೆಟ್‌ನಲ್ಲಿ ಹೀಟರ್‌ಗಳು ಹಬ್ಬದ ಸೀರಿಯಲ್ ಸೆಟ್ ಇದ್ದ ಹಾಗೆ. ಒಂದು ಹೋದರೆ ಎಲ್ಲವೂ ಕತ್ತಲೆ. ವಾಲ್ವ್ ಕಿತ್ತು, ಹೀಟರ್ ಪಿನ್‌ಗಳಿಗೆ ಮಲ್ಟಿಮೀಟರ್ ಹಿಡಿದರೆ ಸತ್ತಿದ್ದು ಯಾವುದು ಅಂತ ಸಿಗುತ್ತೆ.
* ‘ಹೂಂ’ ಅನ್ನೋ ಗುಂಯ್‌ಗುಡುವ ಸದ್ದು: ಫಿಲ್ಟರ್ ಕಂಡೆನ್ಸರ್ ಒಣಗಿದೆ. 450 ವೋಲ್ಟ್‌ನ ಹೊಸದು ಹಾಕಬೇಕು. ಮೈಕ್ರೋಫ್ಯಾರಡ್ ಮೊದಲಿದ್ದಷ್ಟೇ ಇರಲಿ. ಬಹಳ ಹೆಚ್ಚಿಸಿದರೆ ರೆಕ್ಟಿಫೈಯರ್ ವಾಲ್ವ್‌ಗೆ ಹೊರೆ.
* ಸದ್ದು ಒಡಕು, ಔಟ್‌ಪುಟ್ ವಾಲ್ವ್ ವಿಪರೀತ ಕಾಯುತ್ತೆ: ಅದರ ಗ್ರಿಡ್‌ಗೆ ಬರುವ ಕಪ್ಲಿಂಗ್ ಕಂಡೆನ್ಸರ್ ಲೀಕ್ ಆಗಿರುವ ಸಾಧ್ಯತೆ ಹೆಚ್ಚು. ಮೇಣ ಹಾಕಿದ ಕಾಗದದ ಕಂಡೆನ್ಸರ್ ಆಗಿದ್ದರೆ ಪರೀಕ್ಷೆ ಮಾಡುತ್ತಾ ಕೂರದೆ ಮೊದಲೇ ಬದಲಿಸಿಬಿಡೋದು ಒಳ್ಳೇದು.
* ವಾಲ್ವ್ ಉರಿಯುತ್ತೆ, ಸದ್ದೇ ಇಲ್ಲ: ಡಿಸಿ ವೋಲ್ಟೇಜ್ ಬರ್ತಿಲ್ಲ, ಇಲ್ಲವೇ ಸ್ಪೀಕರ್ ಪಕ್ಕದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸಣ್ಣ ತಂತಿ ತುಂಡಾಗಿದೆ.
* ವಾಲ್ಯೂಮ್ ತಿರುಗಿಸಿದರೆ ‘ಕರಕರ’: ಕಂಟ್ರೋಲ್‌ನಲ್ಲಿ ಕೊಳೆ. ಪ್ಲಗ್ ಕಿತ್ತಿಟ್ಟು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ ಹತ್ತಾರು ಸಲ ತಿರುಗಿಸಿದರೆ ಸಾಕು. ಸೀಮೆಎಣ್ಣೆ ಬೇಡ.
* ನಾಬ್ ತಿರುಗುತ್ತೆ, ಮುಳ್ಳು ಓಡಲ್ಲ: ಡಯಲ್ ದಾರ ಸಡಿಲ ಆಗಿದೆ ಅಥವಾ ತುಂಡಾಗಿದೆ.

ಹೊಸ ಕಂಡೆನ್ಸರ್ ಕೊಳ್ಳುವಾಗ ಅಂಗಡಿಯಲ್ಲಿ ಗೊಂದಲ ಆಗೋದು ನಂಬರ್‌ನಲ್ಲಿ. ಹಳೇದರ ಮೇಲೆ .01 ಅಂತಿದ್ದರೆ ಹೊಸದರಲ್ಲಿ 103 ಅಂತ ಇರುತ್ತೆ. .05ಕ್ಕೆ 473 ನಡೆಯುತ್ತೆ, .1ಕ್ಕೆ 104. ಫಿಲಂ ಜಾತಿಯ 630 ವೋಲ್ಟ್‌ನದನ್ನೇ ಕೇಳಿ. ಒಂದೊಂದಾಗಿ ಬದಲಿಸಿ, ಪ್ರತಿ ಸಲ ಸೀರೀಸ್ ಬಲ್ಬ್‌ನಲ್ಲಿ ಪರೀಕ್ಷಿಸಿದರೆ ತಪ್ಪಾದರೂ ಎಲ್ಲಿ ಅಂತ ಗೊತ್ತಾಗುತ್ತೆ.

ಅಲ್ಯುಮಿನಿಯಂ ಡಬ್ಬಿಗಳ ಒಳಗಿನ ತಿರುಪುಗಳನ್ನು ಮಾತ್ರ ಮುಟ್ಟಲೇಬಾರದು. ಅವು ಐ.ಎಫ್. ಕಾಯಿಲ್‌ಗಳು. ಒಂದು ಸುತ್ತು ತಿರುಗಿಸಿದರೂ ಸ್ಟೇಷನ್ ಹಿಡಿಯುವ ಶಕ್ತಿ ಹೋಗಿಬಿಡಬಹುದು, ಮತ್ತೆ ಸರಿ ಮಾಡಲು ಸಿಗ್ನಲ್ ಜನರೇಟರ್ ಬೇಕು.

ರಿಪೇರಿ ಆಯ್ತು, ಸ್ಟೇಷನ್ ಎಲ್ಲಿ?

ಹೆಚ್ಚಿನ ವಾಲ್ವ್ ಸೆಟ್‌ಗಳಲ್ಲಿ ಎಫ್‌ಎಂ ಇರಲ್ಲ, ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಅಷ್ಟೇ. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ಜಾಗ 612 ಕಿಲೋಹರ್ಟ್ಸ್, ಧಾರವಾಡದ್ದು 765. ಡಯಲ್‌ನಲ್ಲಿ ಮೀಟರ್ ಲೆಕ್ಕ ಇದ್ದರೆ 490 ಮತ್ತು 392ರ ಹತ್ತಿರ ಹುಡುಕಬೇಕು. ಈಚಿನ ವರ್ಷಗಳಲ್ಲಿ ಹಲವು ಮೀಡಿಯಂ ವೇವ್, ಶಾರ್ಟ್ ವೇವ್ ಪ್ರಸಾರಗಳು ನಿಂತಿವೆ. ಹಾಗಾಗಿ ರೇಡಿಯೊನೇ ಕೆಟ್ಟಿದೆ ಅನ್ನುವ ಮುಂಚೆ ಅದೇ ಜಾಗದಲ್ಲಿ ಒಂದು ಸಣ್ಣ ಟ್ರಾನ್ಸಿಸ್ಟರ್ ಇಟ್ಟು ಸ್ಟೇಷನ್ ಬರುತ್ತಾ ನೋಡಬೇಕು.

ತಾರಸಿಯಲ್ಲಿ ಹತ್ತು ಮೀಟರ್ ತಂತಿ ಕಟ್ಟಿ ಏರಿಯಲ್ ಸಾಕೆಟ್‌ಗೆ ಸೇರಿಸಿದರೆ ಎಸಿ ಸೆಟ್‌ನಲ್ಲಿ ಒಳ್ಳೇ ಫಲ ಸಿಗುತ್ತೆ. ತಂತಿ ವಿದ್ಯುತ್ ಲೈನ್‌ನಿಂದ ದೂರ ಇರಲಿ, ಗುಡುಗು ಮಿಂಚು ಇದ್ದಾಗ ಕಿತ್ತಿಡಿ. ಬರೀ ಗೊರಗೊರ ಕೇಳಿಸಿದರೆ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಯುಪಿಎಸ್‌ಗಳನ್ನು ಒಂದೊಂದೇ ಆಫ್ ಮಾಡಿ ನೋಡಿದರೆ ಕಳ್ಳ ಸಿಕ್ಕಿಬೀಳ್ತಾನೆ.

ಗ್ರಾಮಫೋನ್‌ಗೆಂದು ಹಿಂದೆ ಕೊಟ್ಟಿರುವ ಪಿಕಪ್ ಸಾಕೆಟ್‌ಗೆ ಮೊಬೈಲ್ ಸೇರಿಸಿ ಹಳೇ ಹಾಡು ಕೇಳುವವರೂ ಇದ್ದಾರೆ. ಎಸಿ ಸೆಟ್‌ನಲ್ಲಿ ಅದು ಸರಿ. ಎಸಿ–ಡಿಸಿ ಸೆಟ್‌ನಲ್ಲಿ ಹಾಗೆ ಮಾಡಿದರೆ ಮೊಬೈಲ್ ಹಿಡಿದ ಕೈಗೇ ಕರೆಂಟ್ ಬರಬಹುದು.

ಗುಜರಿಗೆ ಹಾಕೋ ಮುಂಚೆ

ಇಷ್ಟೆಲ್ಲ ಮಾಡುವ ಧೈರ್ಯ ಇಲ್ಲದವರು ನಾಚಿಕೊಳ್ಳಬೇಕಿಲ್ಲ. ಪ್ಲಗ್ ಹಾಕದೆ, ವಾಲ್ವ್ ಕೀಳದೆ, ಒಣ ಜಾಗದಲ್ಲಿ ಇಟ್ಟರೂ ಸಾಕು. ತಾಲೂಕಿನಲ್ಲಿ ವಾಲ್ವ್ ಸೆಟ್ ಬಿಚ್ಚಿ ಕಟ್ಟಿದ ಹಿರಿಯ ಮೆಕ್ಯಾನಿಕ್‌ಗಳು ಯಾರಾದರೂ ಇದ್ದರೆ, ಅವರ ಎದುರು ಒಮ್ಮೆ ಆ ಪೆಟ್ಟಿಗೆ ಇಡಿ. ಮನೆ ಹುಡುಗರನ್ನೂ ಪಕ್ಕ ಕೂರಿಸಿ. ವಾಲ್ವ್ ಹುಡುಕಿದರೆ ಇನ್ನೂ ಸಿಗುತ್ತೆ. ಅದನ್ನು ನೋಡಿ ಕಾಯಿಲೆ ಹೇಳುವ ಕೈಗಳು ಮಾತ್ರ ದಿನದಿನಕ್ಕೆ ಕಮ್ಮಿ ಆಗ್ತಿವೆ.